ಕೆಂಪೋ ನೀಲಿಯೋ ಅಂತ ಕೇಳುವ ಊರಿಗೆ ಬಂದ ತಂಗಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟೇ ಬರೆಯುತ್ತೇನೆ. ಹಾಸನದಿಂದ ಲಿವರ್‌ಪೂಲ್‌ಗೆ ನರ್ಸ್ ಆಗಿ ಬಂದಿದ್ದೀಯ. ಚಳಿ, ಬಾಡಿಗೆ ಮನೆ, ಅಡುಗೆ ಎಲ್ಲಾ ಒಂದು ಹದಕ್ಕೆ ಬಂತು, ಆದರೆ ವಾರ್ಡಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಫುಟ್‌ಬಾಲ್ ಮಾತು, ನಾನೊಬ್ಬಳು ಸುಮ್ನೆ ನಿಂತಿರ್ತೀನಿ, ಇದನ್ನೂ ಕಲಿಯಲೇಬೇಕಾ ಅಂತ ಕೇಳಿದ್ದೀಯ.

ಆಟ ಕಲಿಯಬೇಕಾಗಿಲ್ಲ. ಆಫ್‌ಸೈಡ್ ಅಂದರೇನು ಅಂತ ಗೊತ್ತಿಲ್ಲದೆಯೂ ಇಲ್ಲಿ ಚೆನ್ನಾಗಿ ಬಾಳಬಹುದು. ಆದರೆ ಈ ಊರಿನ ಜನ ಯಾವ ಮ್ಯಾಚುಗಳನ್ನು ಮರೆತಿಲ್ಲ, ಯಾಕೆ ಮರೆತಿಲ್ಲ ಅನ್ನೋದನ್ನು ತಿಳಿದುಕೋ. ಅದರಲ್ಲೂ ಜರ್ಮನ್ ತಂಡಗಳ ಜೊತೆ ಆಡಿದವನ್ನು. ವಯಸ್ಸಾದ ರೋಗಿಗಳ ಜೊತೆ ಮಾತು ಶುರು ಮಾಡೋಕೆ ನನಗೆ ಇದಕ್ಕಿಂತ ಒಳ್ಳೆ ದಾರಿ ಸಿಕ್ಕಿಲ್ಲ.

ಮೊದಲು ಅವರು ಕೆಂಪೋ ನೀಲಿಯೋ ಕೇಳು. ಕೆಂಪು ಅಂದರೆ ಲಿವರ್‌ಪೂಲ್, ನೀಲಿ ಅಂದರೆ ಎವರ್ಟನ್. ಒಂದೇ ಮನೆಯಲ್ಲಿ ಎರಡೂ ಇರುತ್ತವೆ.

ಕೆಂಪು ಅಂದರೆ, 1973ರ ಮಳೆ ಬಗ್ಗೆ ಕೇಳಿ ನೋಡು. ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜ ಇದ್ದರು. ಊಟ ಬೇಡ, ಮಾತು ಬೇಡ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಒಂದು ಸಂಜೆ ಕಿಟಕಿ ಆಚೆ ಜೋರು ಮಳೆ. ಇಂಥದ್ದೇ ಮಳೆಯಲ್ಲಿ ಗ್ಲಾಡ್‌ಬಾಖ್ ಮ್ಯಾಚ್ ನಿಂತುಹೋಯಿತಂತಲ್ಲ, ನೀವು ಹೋಗಿದ್ರಾ ಅಂತ ಕೇಳಿದೆ. ತಿರುಗಿ ನೋಡಿದರು. ಎದ್ದು ಕೂತರು. ಹಾಸಿಗೆ ಮೇಲಿನ ಟೇಬಲ್ ಹತ್ತಿರಕ್ಕೆ ಎಳೆದುಕೊಂಡು, ಟೀ ಕಪ್ಪನ್ನು ಗೋಲ್ ಮಾಡಿ, ಸಕ್ಕರೆ ಪೊಟ್ಟಣಗಳನ್ನು ಜರ್ಮನ್ನರ ಡಿಫೆನ್ಸ್ ಮಾಡಿ ಸಾಲಾಗಿ ಇಟ್ಟರು. ಮಾತ್ರೆಯ ಪುಟ್ಟ ಕಪ್ ಲಿವರ್‌ಪೂಲ್ ಆಟಗಾರ ಜಾನ್ ಟೋಶ್ಯಾಕ್.

ಅವರು ಹೇಳಿದ ಮ್ಯಾಚ್ ಇದು. ಯೂರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್ಎ ಕಪ್‌ನ ಫೈನಲ್ ಆಗ ಎರಡು ಮ್ಯಾಚುಗಳಲ್ಲಿ ನಡೆಯುತ್ತಿತ್ತು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಎದುರಾಳಿ ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಖ್. ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ನೀರು ನಿಂತು 27ನೇ ನಿಮಿಷಕ್ಕೆ ಆಟ ನಿಲ್ಲಿಸಿದರು. ಆದರೆ ಆ 27 ನಿಮಿಷ ಮ್ಯಾನೇಜರ್ ಬಿಲ್ ಶ್ಯಾಂಕ್ಲಿಗೆ ಸಾಕಾಯಿತು. ಗಾಳಿಯಲ್ಲಿ ಬರುವ ಚೆಂಡಿಗೆ ಗ್ಲಾಡ್‌ಬಾಖ್ ಡಿಫೆನ್ಸ್ ತಡಬಡಾಯಿಸುತ್ತೆ ಅನ್ನೋದನ್ನು ಅವರು ನೋಡಿಕೊಂಡರು. ಮರುದಿನ ಮತ್ತೆ ಮೊದಲಿನಿಂದ ಆಡಿಸಿದಾಗ ಎತ್ತರದ ಟೋಶ್ಯಾಕ್‌ನನ್ನು ಇಳಿಸಿದರು. ಅವನು ತಲೆಯಿಂದ ಕೊಟ್ಟದ್ದನ್ನು ಕೆವಿನ್ ಕೀಗನ್ ಗೋಲ್ ಮಾಡಿದ, ಎರಡು ಸಲ. ಲ್ಯಾರಿ ಲಾಯ್ಡ್ ಇನ್ನೊಂದು ಹೊಡೆದ. 3-0. ಜರ್ಮನಿಯಲ್ಲಿ 2-0 ಸೋತರೂ ಒಟ್ಟು 3-2ರಲ್ಲಿ ಕಪ್ ಬಂತು, ಲಿವರ್‌ಪೂಲ್‌ಗೆ ಯೂರೋಪಿನ ಮೊದಲ ಕಪ್. ಮೊದಲ ಮ್ಯಾಚಿನಲ್ಲಿ ಗೋಲಿ ರೇ ಕ್ಲೆಮೆನ್ಸ್ ಗ್ಲಾಡ್‌ಬಾಖ್‌ನ ಹೈಂಕೆಸ್‌ನ ಪೆನಾಲ್ಟಿ ತಡೆದಿರದಿದ್ದರೆ ಅದೂ ಕೈತಪ್ಪುತ್ತಿತ್ತು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅಜ್ಜ ಅರ್ಧ ತಟ್ಟೆ ಊಟ ಮಾಡಿದ್ದರು. ನಮ್ಮಪ್ಪ 1974ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಗವಾಸ್ಕರ್‌ನ ಬೋಲ್ಡ್ ಮಾಡಿದ್ದನ್ನು ಹೇಳುವಾಗಲೂ ಹೀಗೇ, ವಯಸ್ಸೆಲ್ಲ ಇಳಿದುಹೋಗುತ್ತಿತ್ತು.

ಅದೇ ಗ್ಲಾಡ್‌ಬಾಖ್ ಜೊತೆ 1977ರ ಮೇ 25ರಂದು ರೋಮ್‌ನಲ್ಲಿ ಯೂರೋಪಿಯನ್ ಕಪ್ ಫೈನಲ್. ಲಿವರ್‌ಪೂಲ್ 3-1. ಗೋಲ್ ಹೊಡೆದವರು ಮ್ಯಾಕ್‌ಡರ್ಮಟ್, ಟಾಮಿ ಸ್ಮಿತ್, ಫಿಲ್ ನೀಲ್, ಈ ಮೂರು ಹೆಸರು ನೆನಪಿಟ್ಟುಕೋ. ಅದು ಲಿವರ್‌ಪೂಲ್‌ಗಾಗಿ ಕೀಗನ್‌ನ ಕೊನೆ ಮ್ಯಾಚ್. ಅಲ್ಲಿಂದ ಅವನು ಜರ್ಮನಿಯ ಹ್ಯಾಂಬರ್ಗ್‌ಗೆ ಹೋದ. ಮೊದಲ ವರ್ಷ ತುಂಬಾ ಕಷ್ಟಪಟ್ಟ, ಭಾಷೆ ಕಲಿತ, 1979ರಲ್ಲಿ ಆ ತಂಡದ ಜೊತೆ ಲೀಗ್ ಗೆದ್ದ. ನಿನಗೆ ಮನಸ್ಸು ಕುಗ್ಗಿದಾಗ ನೆನೆಸಿಕೊಳ್ಳಲಿ ಅಂತ ಹೇಳಿದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಲಿವರ್‌ಪೂಲ್, ಗ್ಲಾಡ್‌ಬಾಖ್ ಈ ಎರಡು ಊರುಗಳ ನಂಟು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳು ಈ ಊರನ್ನು ಸುಟ್ಟವು. ಪೇಟೆಯಲ್ಲಿ ಚಾವಣಿ ಇಲ್ಲದ ಸೇಂಟ್ ಲ್ಯೂಕ್ಸ್ ಚರ್ಚ್ ನೋಡಿದ್ದೀಯಲ್ಲ, ಅದು ಆಗಿನದೇ. 1973ರಲ್ಲಿ ಸ್ಟ್ಯಾಂಡಿನಲ್ಲಿ ನಿಂತಿದ್ದ ಎಷ್ಟೋ ಜನರಿಗೆ ಆ ರಾತ್ರಿಗಳು ಚೆನ್ನಾಗಿ ನೆನಪಿದ್ದಿರಬೇಕು. ಆಮೇಲೆ 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲು ಆಗಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಒಟ್ಟು 97 ಜೀವ. ಆಗ, ಹಿಂದೆ ಫೈನಲ್‌ಗಳಲ್ಲಿ ಸೋತಿದ್ದ ಊರಾದ ಗ್ಲಾಡ್‌ಬಾಖ್‌ನ ಅಭಿಮಾನಿಗಳು ದುಡ್ಡು ಒಟ್ಟು ಮಾಡಿ ನೊಂದ ಕುಟುಂಬಗಳಿಗೆ ಕೊಟ್ಟರು. ಅಂದಿನಿಂದ ಅವರು ಇಲ್ಲಿಗೆ ಬರುತ್ತಾರೆ, ಇವರು ಅಲ್ಲಿಗೆ ಹೋಗುತ್ತಾರೆ.

ಹಿಲ್ಸ್‌ಬರೋ ವಿಷಯದಲ್ಲಿ ಹುಷಾರಾಗಿರು. ತಪ್ಪು ಅಭಿಮಾನಿಗಳದ್ದೇ ಅಂತ ವರ್ಷಗಟ್ಟಲೆ ಹೇಳಿದರು. 2016ರಲ್ಲಷ್ಟೇ ವಿಚಾರಣೆಯ ತೀರ್ಪು ಬಂತು: ಅದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ತಪ್ಪಿಲ್ಲ. 1989ರಲ್ಲಿ ಸುಳ್ಳು ಬರೆದ ದಿ ಸನ್ ಪತ್ರಿಕೆಯನ್ನು ಈ ಊರಿನ ಬಹಳ ಜನ ಇವತ್ತಿಗೂ ಮುಟ್ಟುವುದಿಲ್ಲ. ಎಷ್ಟೋ ಅಂಗಡಿಗಳಲ್ಲಿ ಇಡುವುದೇ ಇಲ್ಲ. ನೀನೂ ವಾರ್ಡಿಗೆ ತರಬೇಡ. ನಿನ್ನ ಜೊತೆ ಕೆಲಸ ಮಾಡುವವರ ಅಣ್ಣನೋ ಚಿಕ್ಕಪ್ಪನೋ ಅಲ್ಲಿ ಇದ್ದಿರಬಹುದು. ಅವರಾಗೇ ಹೇಳಿದರೆ ಕೇಳು, ನೀನಾಗಿ ಕೆದಕಬೇಡ.

2016ರ ಏಪ್ರಿಲ್ 14, ಆ ದುರಂತದ ವಾರ್ಷಿಕ ದಿನದ ಹಿಂದಿನ ರಾತ್ರಿ, ಇನ್ನೊಂದು ಬೊರುಸಿಯಾ, ಡಾರ್ಟ್‌ಮುಂಡ್, ಆನ್‌ಫೀಲ್ಡ್‌ಗೆ ಬಂತು. ಆಗಿನ ಲಿವರ್‌ಪೂಲ್ ಕೋಚ್ ಯುರ್ಗನ್ ಕ್ಲೋಪ್, ಅದಕ್ಕೆ ಮೊದಲು ಡಾರ್ಟ್‌ಮುಂಡ್‌ನ ಕೋಚ್ ಆಗಿದ್ದವರು. ಎರಡೂ ಕಡೆಯವರು ಒಂದೇ ಹಾಡನ್ನು ಒಟ್ಟಿಗೆ ಹಾಡಿದರು. ಸತ್ತವರಿಗಾಗಿ ಇಡೀ ಮೈದಾನ ಮೌನವಾಗಿ ನಿಂತಿತು. ಆಟ ಶುರುವಾಗಿ ಒಂಬತ್ತೇ ನಿಮಿಷಕ್ಕೆ ಡಾರ್ಟ್‌ಮುಂಡ್ 2-0. ಮಧ್ಯಂತರದ ನಂತರವೂ ಡಾರ್ಟ್‌ಮುಂಡ್ 3-1. ಆಮೇಲೆ ಕುಟಿನ್ಯೊ, ಸಾಕೊ, ಕೊನೆಗೆ ತೊಂಬತ್ತು ನಿಮಿಷ ಕಳೆದ ಮೇಲೆ ಲೊವ್ರೆನ್ ತಲೆಯಿಂದ ಹೊಡೆದು ಲಿವರ್‌ಪೂಲ್ 4-3. ಸಮಯ ಸಿಕ್ಕಾಗ ಆ ವೀಡಿಯೊ ನೋಡು. ಗೋಲ್‌ಗಳಿಗಿಂತ ಮ್ಯಾಚಿಗೆ ಮೊದಲಿನ ಹಾಡು ನೋಡು.

ರೋಗಿ ನೀಲಿ ಅಂದರೆ ಇದ್ಯಾವುದನ್ನೂ ಎತ್ತಬೇಡ. 1985ರ ಏಪ್ರಿಲ್ 24, ಎವರ್ಟನ್ ಮೈದಾನ ಗುಡಿಸನ್ ಪಾರ್ಕ್, ಬಯರ್ನ್ ಮ್ಯೂನಿಕ್ ಅಂತ ಹೇಳು. ಯೂರೋಪಿನ ಇನ್ನೊಂದು ಟೂರ್ನಿ, ಕಪ್ ವಿನ್ನರ್ಸ್ ಕಪ್‌ನ ಸೆಮಿಫೈನಲ್. ಅರ್ಧ ಆಟಕ್ಕೆ ಬಯರ್ನ್ 1-0 ಮುಂದೆ. ಮುಗಿಯುವಾಗ ಶಾರ್ಪ್, ಗ್ರೇ, ಸ್ಟೀವನ್ ಹೊಡೆದು ಎವರ್ಟನ್ 3-1. ಫೈನಲ್‌ನಲ್ಲೂ ಗೆದ್ದರು, ಆ ವರ್ಷ ಲೀಗ್ ಕೂಡ ಗೆದ್ದರು. ಆದರೆ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್‌ನಲ್ಲಿ ಲಿವರ್‌ಪೂಲ್-ಯುವೆಂಟಸ್ ಫೈನಲ್‌ಗೆ ಮುಂಚೆ ಗಲಭೆಯಾಗಿ 39 ಜನ ಸತ್ತರು. ಇಂಗ್ಲೆಂಡಿನ ಕ್ಲಬ್‌ಗಳನ್ನೆಲ್ಲ ಯೂರೋಪಿನ ಟೂರ್ನಿಗಳಿಂದ ಹೊರಗಿಟ್ಟರು. ಅತ್ಯುತ್ತಮ ತಂಡ ಇದ್ದ ಹೊತ್ತಿನಲ್ಲೇ ಎವರ್ಟನ್‌ಗೆ ಯೂರೋಪಿಯನ್ ಕಪ್ ಆಡುವ ಅವಕಾಶ ಹೋಯಿತು. ನೀಲಿ ಜನರ ಆ ನೋವು ನಿಜವಾದದ್ದು. ಅವರ ತಂಡ ಈಗ ಗುಡಿಸನ್ ಬಿಟ್ಟು ಡಾಕ್ ಪಕ್ಕದ ಹೊಸ ಸ್ಟೇಡಿಯಂಗೆ ಹೋಗಿದೆ. ಹಾಗಾಗಿ ಆ ಬಯರ್ನ್ ರಾತ್ರಿಯ ಬಗ್ಗೆ ಕೇಳಿದರೆ ಈಗ ಇನ್ನೂ ಜಾಸ್ತಿ ಮಾತಾಡುತ್ತಾರೆ.

ಇವರ ಉಚ್ಚಾರಣೆ ಮೊದಮೊದಲು ಅರ್ಥ ಆಗಲ್ಲ, ಇನ್ನೊಮ್ಮೆ ಹೇಳಿ ಅಂತ ಕೇಳು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ರೋಟಾ, ಅಂದರೆ ಡ್ಯೂಟಿ ಪಟ್ಟಿ, ಬಂದ ಕೂಡಲೇ ಮ್ಯಾಚ್ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೋ. ಯೂರೋಪಿಯನ್ ಮ್ಯಾಚುಗಳು ಹೆಚ್ಚಾಗಿ ರಾತ್ರಿ ಎಂಟಕ್ಕೆ ಶುರುವಾಗಿ ಹತ್ತರ ಹೊತ್ತಿಗೆ ಮುಗಿಯುತ್ತವೆ. ಅವತ್ತು ಲೇಟ್ ಶಿಫ್ಟ್ ಇದ್ದರೆ ಹತ್ತರೊಳಗೆ ಬಸ್ ಹತ್ತಿಬಿಡು. ತಡವಾದರೆ ಜನ ಕರಗುವವರೆಗೆ ಸ್ಟಾಫ್ ರೂಮಿನಲ್ಲೇ ಕೂತು ಆಮೇಲೆ ಹೊರಡು, ಮನೆ ಸೇರಿದ ಮೇಲೆ ನನಗೊಂದು ಮೆಸೇಜ್ ಹಾಕು.