ತೆಳ್ಳಗಿನ ಸ್ಪ್ರಿಂಗ್ ನಮ್ಮ ಘಾಟಿ ರಸ್ತೆಗೆ ತಡೆಯುತ್ತಾ?

ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟು ಅಷ್ಟು ದಪ್ಪ ಇರುತ್ತಿತ್ತು, ಈಗಿನ ಕಾರಿನ ಸ್ಪ್ರಿಂಗ್ ಯಾಕಿಷ್ಟು ತೆಳ್ಳಗೆ, ಆಗುಂಬೆ ಘಾಟಿಗೆ ತಡೆಯುತ್ತಾ ಎಂದು ಕೇಳಿದ್ದೀರಿ. ನನ್ನೂರು ತೀರ್ಥಹಳ್ಳಿ, ಸ್ಪ್ರಿಂಗ್ ಉಕ್ಕು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಘಾಟಿಗೆ ಖಂಡಿತ ತಡೆಯುತ್ತದೆ. ಹೆದರಬೇಕಾದ್ದು ತುಕ್ಕಿಗೆ.

ಉಕ್ಕು ಎಷ್ಟೇ ಬಲವಾದರೂ ಅದರ ಬಿಗಿ ಬದಲಾಗುವುದಿಲ್ಲ. ಅಳತೆ ಒಂದೇ ಇದ್ದರೆ, ಒಂದೇ ಭಾರಕ್ಕೆ ಎಲ್ಲ ಉಕ್ಕೂ ಹೆಚ್ಚುಕಡಿಮೆ ಒಂದೇ ಸಮ ಬಾಗುತ್ತದೆ. ಬದಲಾಗುವುದು, ಜಾಸ್ತಿ ಹಿಂಡಿದರೂ ಮೊದಲಿನ ಆಕಾರಕ್ಕೆ ಮರಳುವ ತಾಕತ್ತು. ಆ ತಾಕತ್ತು ಶೇಕಡಾ 10 ಏರಿದರೆ ಸ್ಪ್ರಿಂಗಿನ ತೂಕವನ್ನು ಸುಮಾರು ಶೇಕಡಾ 17 ಇಳಿಸಬಹುದು. ಯಾಕೆಂದರೆ ಒಂದು ಕೆಜಿ ಉಕ್ಕು ಹಿಡಿದಿಡುವ ಶಕ್ತಿ ತಾಕತ್ತಿನ ವರ್ಗಕ್ಕೆ, ಅಂದರೆ ತಾಕತ್ತನ್ನು ಅದರಿಂದಲೇ ಗುಣಿಸಿದಷ್ಟಕ್ಕೆ, ತಕ್ಕಂತೆ ಏರುತ್ತದೆ.

ನಮ್ಮ ಕಡೆ ಕುಲುಮೆಯಲ್ಲಿ ಲಾರಿ ಪ್ಲೇಟಿನಿಂದ ಕತ್ತಿ ಬಡಿದು ಹದ ಹಾಕುವುದನ್ನು ನೋಡಿರುತ್ತೀರಿ, ಅಲ್ವಾ? ಕಾರ್ಖಾನೆಯಲ್ಲೂ ಅದೇ ಕೆಲಸ. 900 ಡಿಗ್ರಿ ಹತ್ತಿರ ಕಾಸಿ ಎಣ್ಣೆಗೆ ಅದ್ದುತ್ತಾರೆ. ಆಮೇಲೆ 400ರ ಆಸುಪಾಸಿನಲ್ಲಿ ಮತ್ತೆ ಕಾಸಿ ಗಡಸುತನ ಸ್ವಲ್ಪ ಇಳಿಸುತ್ತಾರೆ. ಶೇಕಡಾ ಒಂದೂವರೆಯಷ್ಟು ಸಿಲಿಕಾನ್ ಇದ್ದರೆ ಈ ಎರಡನೇ ಕಾವಿನಲ್ಲೂ ಬಲ ಉಳಿಯುತ್ತದೆ, ವರ್ಷಗಟ್ಟಲೆ ಭಾರ ಹೊತ್ತರೂ ಸ್ಪ್ರಿಂಗ್ ಕೂರುವುದಿಲ್ಲ. ಚೂರು ವೆನೇಡಿಯಂ ಬೆರೆಸಿದರೆ ಒಳಗಿನ ಕಣಗಳು ಸಣ್ಣದಾಗಿ, ಉಕ್ಕು ಸುಲಭಕ್ಕೆ ಮುರಿಯುವುದಿಲ್ಲ. ಕೊನೆಗೆ ಸಣ್ಣ ಉಕ್ಕಿನ ಗುಂಡುಗಳನ್ನು ಮೈತುಂಬ ರಭಸವಾಗಿ ಹೊಡೆಯುತ್ತಾರೆ. ಆಗ ಹೊರಪದರ ಒತ್ತಿಕೊಂಡು ಕೂತು, ಬಿರುಕು ಬಾಯಿ ಬಿಡುವುದು ಕಷ್ಟ.

ಆದರೆ ಬಲ ಏರಿದಷ್ಟೂ ಉಕ್ಕು ಸಣ್ಣ ಗಾಯವನ್ನೂ ಸಹಿಸುವುದಿಲ್ಲ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯವರ ಕಾರಿನ ಸ್ಪ್ರಿಂಗ್ ಕಟ್ ಆಯಿತು. ತುಂಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಮುರಿದಿದ್ದು ಕೆಳಗಿನ ಸುತ್ತು. ಮುರಿದ ಮುಖದ ಅಂಚಿನಲ್ಲಿ ಉಗುರಿನ ತುದಿಯಷ್ಟು ಕಂದು ಬಣ್ಣದ ಅರ್ಧಚಂದ್ರ, ಉಳಿದದ್ದೆಲ್ಲ ಹೊಸ ಬೂದು ಬಣ್ಣ. ಅಂದರೆ ಆ ಅರ್ಧಚಂದ್ರದಷ್ಟು ಬಿರುಕು ಮೊದಲೇ ಇತ್ತು, ಉಳಿದದ್ದು ಒಂದೇ ಏಟಿಗೆ ಹೋಗಿದೆ. ಜಲ್ಲಿ ಸಿಡಿದು ಬಣ್ಣ ಕಿತ್ತಿದೆ, ಅಲ್ಲಿ ಕೆಂಪು ಕೆಸರು ಕೂತು ತಿಂಗಳುಗಟ್ಟಲೆ ಒದ್ದೆ ಇದ್ದು ತುಕ್ಕಿನ ಗುಳಿ ಬಿದ್ದಿದೆ. ತುಕ್ಕು ಹಿಡಿಯುವಾಗ ಹುಟ್ಟುವ ಹೈಡ್ರೋಜನ್ ಒಳಗೆ ಸೇರಿದರೆ ಇಂಥ ಗಡಸು ಉಕ್ಕು ಇನ್ನಷ್ಟು ಪೆಡಸಾಗುತ್ತದೆ.

ಅದಕ್ಕೇ ಹೊಸ ಉಕ್ಕುಗಳಲ್ಲಿ ಬಲದ ಜೊತೆಗೆ ತುಕ್ಕು ತಡೆಯಲು ಸ್ವಲ್ಪ ನಿಕಲ್, ತಾಮ್ರ ಬೆರೆಸುತ್ತಾರೆ, ಮೇಲೆ ಎರಡು ಪದರ ಬಣ್ಣ ಹೊದಿಸುವುದೂ ಉಂಟು. ನೀವು ಮಳೆಗಾಲದಲ್ಲಿ ಆಗಾಗ ಪೈಪ್ ಹಿಡಿದು ಸ್ಪ್ರಿಂಗ್ ಕೂರುವ ಕೆಳಗಿನ ಬಟ್ಟಲಿನ ಕೆಸರು ತೊಳೆಯಿರಿ. ಬಣ್ಣ ಎದ್ದಿದ್ದರೆ ಗ್ಯಾರೇಜಿನಲ್ಲಿ ಉಜ್ಜಿಸಿ ಬಣ್ಣ ಹೊಡೆಸಿ. ಒಂದು ಕಡೆ ಮುರಿದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ, ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ವಾಲುತ್ತದೆ.