ಹೊರಗೆ ಓಡು ಅಂತ ಮಗಳಿಗೆ ಹೇಳಬೇಡಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾವು ಆಳಂದ ಕಡೆಯವರು, ಈಗ ಕಲಬುರಗಿಯಲ್ಲಿ ಇದ್ದೇವೆ. ಮಗಳು, ಅಳಿಯ, ಆರು ವರ್ಷದ ಮೊಮ್ಮಗ ಜಪಾನಿನಲ್ಲಿ, ಟೋಕಿಯೊ ಪಕ್ಕದ ಕವಾಸಾಕಿಯಲ್ಲಿದ್ದಾರೆ. ಒಂಬತ್ತನೇ ಮಹಡಿಯ ಬಾಡಿಗೆ ಮನೆ. 2024ರ ಜನವರಿ 1ರಂದು ಟಿವಿಯಲ್ಲಿ ಜಪಾನ್ ಭೂಕಂಪ ಅಂತ ತೋರಿಸಿದಾಗ ಮೂವತ್ತು ಸಲ ಫೋನ್ ಹಚ್ಚಿದೆ. ಯಾರೂ ಎತ್ತಲಿಲ್ಲ. ಆಮೇಲೆ ಕೇಳಿದರೆ ಸಿನಿಮಾಕ್ಕೆ ಹೋಗಿದ್ದರಂತೆ! ಅವತ್ತಿನಿಂದ ಮಗಳಿಗೆ ಒಂದೇ ಮಾತು ಹೇಳುತ್ತಿದ್ದೇನೆ: ಭೂಮಿ ಅಲುಗಾಡಿದರೆ ಮೊದಲು ಕೂಸಿನ್ನ ಎತ್ಕೊಂಡು ಹೊರಗೆ ಓಡು. ಲಾತೂರ್ ಕಡೆಯ ಕಿಲ್ಲಾರಿ ಭೂಕಂಪದಲ್ಲಿ ನಾವು ಉಳಿದದ್ದೇ ಹಾಗೆ. ಅವಳು ನಗುತ್ತಾಳೆ. ಅಲ್ಲಿರುವವರು ಏನು ಮಾಡಬೇಕು, ಇಲ್ಲಿ ಕೂತ ನಾವು ಏನು ಮಾಡಬೇಕು, ಸ್ವಲ್ಪ ತಿಳಿಸಿ. – ಹೆಸರು ಬೇಡ, ಕಲಬುರಗಿ

ಸಂಪಾದಕರ ಉತ್ತರ:

ಅಕ್ಕಾ, ಮಗಳು ನಕ್ಕಿದ್ದು ತಪ್ಪು. ಆದರೆ ಅವಳು ಹೊರಗೆ ಓಡದೇ ಇರುವುದು ಸರಿ.

ನಾನು ಇದನ್ನು ಕಲಿತದ್ದು ನನ್ನ ಪೆದ್ದುತನದಿಂದಲೇ. ಕೆಲವು ವರ್ಷಗಳ ಹಿಂದೆ ತಂಗಿಯ ಮನೆಗೆ ಅಂತ ಟೋಕಿಯೊ ಹತ್ತಿರ ಮೂರು ವಾರ ಇದ್ದೆ. ಒಂದು ರಾತ್ರಿ ಊಟ ಮುಗಿಸಿ ಕೂತಿದ್ದೆವು. ಇದ್ದಕ್ಕಿದ್ದಂತೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡವು. ನನಗೆ ಅದು ಏನೆಂದೇ ತಿಳಿಯಲಿಲ್ಲ. ತಂಗಿ ಮಕ್ಕಳ ಸಮೇತ ಮೇಜಿನ ಕೆಳಗೆ ಹೋಗಿಯಾಗಿತ್ತು. ಕಿಟಕಿ ಗಾಜು ಗಲಗಲ ಅನ್ನತೊಡಗಿತು. ನಾನು ಎದ್ದು ಹೋಗಿ ಪುಸ್ತಕದ ಕಪಾಟನ್ನು ತಬ್ಬಿಕೊಂಡು ನಿಂತೆ. ಸಂಪಾದಕ ನೋಡಿ, ಆಸರೆಗೆ ಇನ್ನೇನು ಸಿಗಬೇಕು! ತಂಗಿ ಮೇಜಿನಡಿಯಿಂದಲೇ ಕೈಚಾಚಿ ಲುಂಗಿ ಹಿಡಿದು ಎಳೆದಳು. ಎಲ್ಲ ನಿಂತ ಮೇಲೆ ಹೇಳಿದಳು: "ಅಣ್ಣಾ, ಈ ಮನೆಯಲ್ಲಿ ನಮ್ಮನ್ನ ಕೊಲ್ಲೋ ತಾಕತ್ತಿರೋದು ಅದೊಂದಕ್ಕೇ. ನೀನು ಹೋಗಿ ಅದನ್ನೇ ತಬ್ಬಿಕೊಂಡೆಯಲ್ಲ."

ಈಗ ಕಿಲ್ಲಾರಿಗೆ ಬರೋಣ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮೊದಲು. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ಸುಮಾರು ಹತ್ತು ಸಾವಿರ ಜನ ಸತ್ತರು. ಭೂಕಂಪ ಅಷ್ಟೇನೂ ದೊಡ್ಡದಲ್ಲ, 6ರ ಆಸುಪಾಸಿನದು. ಅಷ್ಟೇ ಗಾತ್ರದ್ದು ಜಪಾನಿನಲ್ಲಿ ಆದರೆ ಎಷ್ಟೋ ಸಲ ಒಂದು ಜೀವವೂ ಹೋಗುವುದಿಲ್ಲ. ಆದರೆ ಆ ಊರುಗಳ ಮನೆ ಹೇಗಿದ್ದವು ಅಂತ ನಿಮಗೇ ಗೊತ್ತು. ಎರಡಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಮಣ್ಣಿನ ಮಾಳಿಗೆ. ಅಂಥ ಮನೆ ಒಮ್ಮೆ ಜಾರಿತು ಅಂದರೆ ಒಳಗಿದ್ದವರಿಗೆ ಉಸಿರಾಡಲೂ ಜಾಗವಿಲ್ಲ. ಬಾಗಿಲು ಎರಡು ಹೆಜ್ಜೆ ದೂರದಲ್ಲಿದ್ದರೆ ಓಡುವುದೇ ಜಾಣತನ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ಭೂಮಿ ನಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದರಲ್ಲ, ಅದೂ ಸರಿಯೇ. ನಿಮ್ಮ ಮಾತು ಆ ಮನೆಗಳಿಗೆ ಸರಿಯಾದ ಮಾತು.

ಕವಾಸಾಕಿಯ ಮನೆ ಬೇರೆ. ಜಪಾನಿನಲ್ಲಿ 1981ರ ಜೂನ್ 1ರಿಂದ ಕಟ್ಟಡದ ಕಾನೂನು ಬಿಗಿಯಾಯಿತು. ಅದಾದ ಮೇಲೆ ಮಂಜೂರಾದ ಕಟ್ಟಡ ಜೋರು ಭೂಕಂಪದಲ್ಲಿ ಬಿರುಕು ಬಿಡಬಹುದು, ಓಲಾಡಬಹುದು, ಆದರೆ ಒಳಗಿದ್ದವರ ಮೇಲೆ ಕುಸಿಯಬಾರದು. ಲೆಕ್ಕ ಹಾಕುವುದೇ ಹಾಗೆ. ಮರದ ಮನೆಗಳಿಗೆ 2000ದಲ್ಲಿ ಇನ್ನಷ್ಟು ಬಿಗಿ ಮಾಡಿದರು. ಆದ್ದರಿಂದ ಮಗಳಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: "ನಿಮ್ಮ ಕಟ್ಟಡ ಯಾವ ವರ್ಷದ್ದು?" 1981ಕ್ಕಿಂತ ಹಳೆಯದು, ಗಟ್ಟಿ ಮಾಡಿಸಿಲ್ಲ ಅಂದರೆ ಮನೆ ಬದಲಿಸುವ ಮಾತು ಎತ್ತಿ. ಬಾಡಿಗೆ ಸ್ವಲ್ಪ ಕಡಿಮೆ ಅಂತ ಹಳೇ ಮನೆ ಹಿಡಿಯುವವರು ನಮ್ಮವರಲ್ಲಿ ಜಾಸ್ತಿ. ಆ ಉಳಿತಾಯ ನನಗೆ ಒಪ್ಪಿಗೆಯಿಲ್ಲ.

ಒಂಬತ್ತನೇ ಮಹಡಿಯಿಂದ ಮಗುವನ್ನು ಎತ್ತಿಕೊಂಡು ಓಡುವುದನ್ನು ಒಮ್ಮೆ ಊಹಿಸಿ. ಜೋರಾಗಿ ನಡುಗುವಾಗ ನಿಲ್ಲಲಿಕ್ಕೇ ಆಗುವುದಿಲ್ಲ, ತೆವಳಬೇಕು. ಮೆಟ್ಟಿಲ ಮೇಲೆ ಮಗು ಸಮೇತ ಉರುಳುವುದು ಖಂಡಿತ. ಹೇಗೋ ಕೆಳಗಿಳಿದರೂ ಬೀದಿಯಲ್ಲಿ ಮೇಲಿಂದ ಗಾಜು, ಬೋರ್ಡು, ಗೋಡೆಯ ಟೈಲ್ಸು ಬೀಳುತ್ತಿರುತ್ತವೆ. ಅದಕ್ಕೇ ಅಲ್ಲಿ ಕಲಿಸುವುದು: ಇದ್ದಲ್ಲೇ ಬಗ್ಗು, ಗಟ್ಟಿ ಮೇಜಿನಡಿ ನುಸುಳು, ಮೇಜಿನ ಕಾಲು ಹಿಡಿದುಕೋ, ನಿಲ್ಲುವ ತನಕ ಬಿಡಬೇಡ. ಮೇಜು ಇಲ್ಲದಿದ್ದರೆ ಮುದುಡಿ ಕೂತು ತಲೆ, ಕುತ್ತಿಗೆ ಮುಚ್ಚಿಕೋ. ಮುಟ್ಟಿದರೆ ಉಂಡೆಯಾಗುವ ಹುಳ ಇದೆಯಲ್ಲ, ಅಲ್ಲಿ ಶಿಶುವಿಹಾರದ ಮಕ್ಕಳಿಗೆ ಅದರ ಹೆಸರಲ್ಲೇ ಈ ಭಂಗಿ ಹೇಳಿಕೊಡುತ್ತಾರೆ. ಮುಂದಿನ ವಿಡಿಯೊ ಕಾಲ್‌ನಲ್ಲಿ ಮೊಮ್ಮಗನನ್ನು ಕೇಳಿ, ಮಾಡಿ ತೋರಿಸುತ್ತಾನೆ. ಒಲೆ ಆರಿಸಲಿಕ್ಕೂ ಏಳಬೇಕಿಲ್ಲ. ಜೋರಾಗಿ ನಡುಗಿದರೆ ಅಲ್ಲಿನ ಗ್ಯಾಸ್ ಮೀಟರು ತಾನೇ ಗ್ಯಾಸ್ ನಿಲ್ಲಿಸುತ್ತದೆ. ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಯ ಗುಂಡಿ ಒತ್ತಿ, ಮೊದಲು ನಿಂತಲ್ಲಿ ಇಳಿಯುವುದು.

ನಿಜವಾದ ಕೆಲಸ ಇರುವುದು ನಡುಗುವ ಮೊದಲು. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪ ಆದಾಗ ಬೆಳಗಿನ 5.46. ಜನ ನಿದ್ದೆಯಲ್ಲಿದ್ದರು. ಸತ್ತ ಆರು ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಜನ ಮನೆಯ ಅಥವಾ ಬೀರುವಿನ ಅಡಿ ಸಿಕ್ಕಿದವರು. ಹಾಗಾಗಿ ಮಲಗುವ ಕೋಣೆಯಲ್ಲಿ ಎತ್ತರದ ಸಾಮಾನು ಇರಲೇಬಾರದು. ಬೇರೆ ಕೋಣೆಯ ಬೀರುವನ್ನು ಗೋಡೆಗೆ ಬಿಗಿಯಬೇಕು. ಬಾಡಿಗೆ ಮನೆ, ಮೊಳೆ ಹೊಡೆಯಲು ಮಾಲೀಕ ಬಿಡುವುದಿಲ್ಲ ಅನ್ನುತ್ತೀರಾ? ಅದಕ್ಕೂ ಅಲ್ಲಿ ದಾರಿ ಇದೆ. ಬೀರುವಿನ ನೆತ್ತಿಗೂ ಚಾವಣಿಗೂ ನಡುವೆ ತಿರುಗಿಸಿ ಬಿಗಿಯುವ ಕಂಬಿ ಸಿಗುತ್ತದೆ. ಟಿವಿ ಕೆಳಗೆ ಇಡುವ ಅಂಟು ಬಿಲ್ಲೆ ಸಿಗುತ್ತದೆ. ತಂಗಿಯ ಮನೆಯ ಆ ಕಪಾಟಿಗೆ ಮಾರನೇ ದಿನ ಅಂಗಡಿಯಿಂದ ಎರಡು ಕಂಬಿ ತಂದು ನಾನೇ ಬಿಗಿದೆ. ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷದಿಂದ "ಈ ಭಾನುವಾರ ಮಾಡೋಣ" ಅಂತ ಉಳಿದಿತ್ತಂತೆ.

ಜಪಾನಿನವರ ಪುಸ್ತಕದಲ್ಲಿ ಇಲ್ಲದ ಒಂದು ಮಾತು ನಮ್ಮವರಿಗೆ ಹೇಳಬೇಕು. ನಮ್ಮ ಅಡುಗೆಮನೆ ಬೇರೆ ಅಲ್ವಾ? ಕಟ್ಟೆಯ ಅಂಚಿನಲ್ಲಿ ಕಲ್ಲಿನ ಗ್ರೈಂಡರು. ಒಲೆಯ ನೆತ್ತಿಯ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿ. ಫ್ರಿಜ್ ಮೇಲೆ ಕುಕ್ಕರು. ಗ್ರೈಂಡರು ನೆಲಕ್ಕೆ ಇಳಿಯಲಿ. ಭಾರದ ಡಬ್ಬಿ ಕೆಳಗಿನ ಅರೆಗೆ ಹೋಗಲಿ. ದೇವರ ಮನೆ ಅಂತ ಗೋಡೆಯ ಹಲಗೆ ಮೇಲೆ ಹಿತ್ತಾಳೆ ವಿಗ್ರಹ ಇಟ್ಟು, ಮುಂದೆ ರಾತ್ರಿಯಿಡೀ ಎಣ್ಣೆ ದೀಪ ಹಚ್ಚಿಡುವವರೂ ಇದ್ದಾರೆ. ದಯವಿಟ್ಟು ಮಲಗುವ ಮುಂಚೆ ಆರಿಸಲಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾ ಹಾಳಾದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮಧ್ಯಾಹ್ನದ ಅಡುಗೆಯ ಹೊತ್ತು, ಹೆಚ್ಚಿನವರು ಬೆಂಕಿಗೆ ಬಲಿಯಾದರು. ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಮೇನ್ ಸ್ವಿಚ್ ಆರಿಸಿ ಹೊರಡಬೇಕು. ಹೋದ ಕರೆಂಟು ವಾಪಸ್ ಬಂದಾಗ ಹರಿದ ವೈರಿನಿಂದ ಬೆಂಕಿ ಹತ್ತಿದ್ದು ಕೋಬೆಯಲ್ಲಿ ಬೇಕಾದಷ್ಟು. ಮತ್ತೆ, ಹಾಸಿಗೆಯ ಪಕ್ಕ ಮೂವರದ್ದೂ ಒಂದೊಂದು ಜೊತೆ ಶೂ, ಒಂದು ಟಾರ್ಚು. ಕತ್ತಲಲ್ಲಿ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆಯುವ ಪರಿಸ್ಥಿತಿ ಬರಬಾರದು.

ನಡುಕ ನಿಂತಿತು ಅಂದರೆ ಮುಗಿಯಿತು ಅಂತಲ್ಲ. 2016ರ ಏಪ್ರಿಲ್ 14ರಂದು ಕುಮಾಮೊಟೊದಲ್ಲಿ 6.5ರ ಭೂಕಂಪ ಆಯಿತು. ಇದೇ ದೊಡ್ಡದು ಅಂದುಕೊಂಡು ಕೆಲವರು ಮನೆಗೆ ಮರಳಿದರು. 16ರ ನಸುಕಿಗೆ 7.3ರದ್ದು ಬಂತು. ಬಿರುಕು ಬಿಟ್ಟ ಮನೆಗೆ "ಸುಮ್ನೆ ಪಾಸ್‌ಪೋರ್ಟ್ ತಗೊಂಡು ಬರ್ತೀನಿ" ಅಂತ ಹೋಗಬಾರದು. ಸಮುದ್ರದ ದಡದಲ್ಲಿದ್ದರೆ ಮಾತ್ರ ನಿಮ್ಮ ಸೂತ್ರವೇ ಸರಿ, ಓಡಬೇಕು. ನಡುಕ ನಿಂತ ತಕ್ಷಣ ಎತ್ತರದ ಜಾಗಕ್ಕೆ, ಯಾರಿಗೂ ಕಾಯದೆ. 2011ರ ಮಾರ್ಚ್ 11ರಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂಡೊಯ್ದದ್ದು ಸುನಾಮಿ.

ಅದೇ ದಿನ ಟೋಕಿಯೊ ಸುತ್ತಮುತ್ತ ರೈಲು ನಿಂತು ಸುಮಾರು 50 ಲಕ್ಷ ಜನ ಮನೆಗೆ ಹೋಗಲಾಗದೆ ಸಿಕ್ಕಿಬಿದ್ದರು. ಆಮೇಲೆ ಟೋಕಿಯೊ ಆಡಳಿತ 2013ರಿಂದ ಒಂದು ನಿಯಮ ತಂದಿತು. ದೊಡ್ಡ ಭೂಕಂಪ ಆದರೆ ಕಂಪನಿಗಳು ನೌಕರರನ್ನು ಆಫೀಸಿನಲ್ಲೇ ಉಳಿಸಿಕೊಳ್ಳಬೇಕು, ಮೂರು ದಿನದ ನೀರು, ಊಟ ಕೂಡಿಟ್ಟಿರಬೇಕು. ಅಂದರೆ ನಿಮ್ಮ ಅಳಿಯ ಟೋಕಿಯೊದಲ್ಲಿ ಕೆಲಸಕ್ಕಿದ್ದರೆ ಮೂರು ದಿನ ಮನೆಗೆ ಬಾರದೇ ಇರಬಹುದು. ಬರಬಾರದು ಕೂಡ. ಹಾಗಾದರೆ ಶಾಲೆಯಿಂದ ಮಗುವನ್ನು ಕರೆತರುವವರು ಯಾರು? ಮಗಳೂ ಕೆಲಸಕ್ಕೆ ಹೋಗುತ್ತಾಳಾ? ಶಾಲೆಯವರು ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ. ನಡೆದು ಬರುವಷ್ಟು ಹತ್ತಿರದ ಒಬ್ಬ ಗೆಳತಿಯ ಹೆಸರು ಆ ಪಟ್ಟಿಯಲ್ಲಿ ಇರಲಿ. ಜಪಾನಿ ಗೆಳತಿಯಾದರೆ ಇನ್ನೂ ಒಳ್ಳೆಯದು, ಧ್ವನಿವರ್ಧಕದಲ್ಲಿ ಕೂಗುವುದು ಅವಳಿಗೆ ಅರ್ಥವಾಗುತ್ತದೆ. ನಮ್ಮವರು ನಮ್ಮವರ ಜೊತೆಗೇ ಇರುತ್ತಾರೆ, ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ. ಬಿದ್ದ ಮನೆಯಡಿಯಿಂದ ಮೊದಲು ಎಳೆಯುವವರು ಪಕ್ಕದ ಮನೆಯವರೇ. ಕೋಬೆಯಲ್ಲೂ ಹಾಗೇ ಆಯಿತು.

ಇನ್ನು ನಿಮ್ಮ ಮೂವತ್ತು ಫೋನಿನ ವಿಷಯ. ಟಿವಿಯವರು ಅವತ್ತು ತೋರಿಸಿದ 7.6 ಅನ್ನುವುದು ಭೂಕಂಪದ ಒಟ್ಟು ಶಕ್ತಿ. ಅದು ಮಗಳ ಮನೆಯ ನಡುಕವಲ್ಲ. ಶರಣಬಸವೇಶ್ವರ ಜಾತ್ರೆಯ ಮೈಕು ಒಂದೇ, ಗುಡಿಯ ಪಕ್ಕದವರಿಗೆ ಕಿವಿ ಕಿತ್ತುಹೋಗುತ್ತದೆ, ಊರಾಚೆಯವರಿಗೆ ಗುನುಗಿನ ಹಾಗೆ ಕೇಳುತ್ತದೆ. ಯಾವ ಊರಿನಲ್ಲಿ ಎಷ್ಟು ನಡುಗಿತು ಅಂತ ಹೇಳಲು ಜಪಾನಿನಲ್ಲಿ ಶಿಂದೊ ಅನ್ನುವ ಬೇರೆ ಅಳತೆಯಿದೆ. 0ಯಿಂದ 7ರ ತನಕ, 5 ಮತ್ತು 6ರಲ್ಲಿ ಎರಡೆರಡು ಮೆಟ್ಟಿಲು. ಆ ಜನವರಿ 1ರಂದು ಜಪಾನಿನ ಪಶ್ಚಿಮ ಕರಾವಳಿಯ ನೋಟೊ ಕಡೆ ಶಿಂದೊ 7. ಮನೆಗಳು ಮಲಗಿದವು, ಅಲ್ಲಿನ ವಾಜಿಮಾ ಊರಿನಲ್ಲಿ ಬೆಂಕಿ ಬಿತ್ತು. ದೂರದ ಟೋಕಿಯೊ ಕಡೆ ಅದು ತೂಗಿ ಹೋಯಿತು ಅಷ್ಟೇ. ಹಾಗಾಗಿ ಕೇಳಬೇಕಾದ್ದು "ಕವಾಸಾಕಿಯಲ್ಲಿ ಶಿಂದೊ ಎಷ್ಟು?" ಅಂತ. ಎನ್‌ಎಚ್‌ಕೆ ವರ್ಲ್ಡ್‌ನ ಇಂಗ್ಲಿಷ್ ಸುದ್ದಿಯಲ್ಲಿ ಸಿಗುತ್ತದೆ. 3 ಅಂದರೆ ಚಹಾ ಕುಡಿಯಿರಿ. 5ರ ಮೇಲೆ ಅಂದರೆ ಚಿಂತೆ ಮಾಡಬೇಕಾದದ್ದೇ, ಆದರೂ ಫೋನ್ ಹಚ್ಚಬೇಡಿ. 2011ರಲ್ಲಿ ಎಲ್ಲರೂ ಒಟ್ಟಿಗೆ ಹಚ್ಚಿ, ಕಂಪನಿಗಳು ಕರೆಗಳನ್ನು ತಡೆಯಬೇಕಾಯಿತು. ಇಂಟರ್ನೆಟ್ ಸಂದೇಶಗಳು ಮಾತ್ರ ಹೇಗೋ ಓಡಾಡಿದವು. ಒಂದು ವಾಟ್ಸಾಪ್ ಸಂದೇಶ ಹಾಕಿ ಕಾಯಿರಿ. ಮಗಳ ಫೋನಿನ ಬ್ಯಾಟರಿಯೂ ಉಳಿಯಲಿ.

171 ಅಂತ ಅಲ್ಲಿ ಒಂದು ನಂಬರಿದೆ. ದೊಡ್ಡ ಅನಾಹುತ ಆದಾಗ ಅದಕ್ಕೆ ಫೋನ್ ಮಾಡಿ 30 ಸೆಕೆಂಡಿನ ಮಾತು ರೆಕಾರ್ಡ್ ಮಾಡಿಡಬಹುದು, ಗೊತ್ತಿದ್ದವರು ಕೇಳಬಹುದು. ಅದರದ್ದೇ ವೆಬ್ ರೂಪ ಇದೆ, ಅದನ್ನು ಕಲಬುರಗಿಯಿಂದಲೂ ತೆರೆಯಬಹುದು. ಮಗಳ ಜಪಾನಿನ ನಂಬರು ಹಾಕಿದರೆ ಅವಳು ಬರೆದಿಟ್ಟದ್ದು ಕಾಣುತ್ತದೆ. ಪ್ರತಿ ತಿಂಗಳು 1 ಮತ್ತು 15ನೇ ತಾರೀಖು ಇದನ್ನು ಪ್ರಯೋಗ ಮಾಡಿ ನೋಡಲು ಬಿಡುತ್ತಾರೆ. ಮುಂದಿನ 15ಕ್ಕೆ ಇಬ್ಬರೂ ಕೂತು ಒಮ್ಮೆ ಮಾಡಿಬಿಡಿ. ಟೋಕಿಯೊದ ನಮ್ಮ ರಾಯಭಾರ ಕಚೇರಿಯಲ್ಲಿ ಮೂವರ ಹೆಸರೂ ನೋಂದಣಿಯಾಗಿರಲಿ.

ಇನ್ನೊಂದು. ಇಂಥ ತಾರೀಖು ಭೂಕಂಪ ಅನ್ನುವ ಫಾರ್ವರ್ಡು ಕಳಿಸಬೇಡಿ. 2025ರ ಜುಲೈನಲ್ಲಿ ಒಂದು ಕಾಮಿಕ್ಸ್ ಪುಸ್ತಕದ ಭವಿಷ್ಯ ನಂಬಿ ಎಷ್ಟೋ ಜನ ಜಪಾನ್ ಪ್ರವಾಸ ರದ್ದು ಮಾಡಿದರು. ಹೇಳಿದ ದಿನ ಅಂಥ ಅನಾಹುತ ಏನೂ ಆಗಲಿಲ್ಲ. ದಿನ, ಜಾಗ ಹಿಡಿದು ಹೇಳುವ ವಿದ್ಯೆ ಯಾರಿಗೂ ಬಂದಿಲ್ಲ. ಫೋನು ಕಿರುಚುವುದು ಭವಿಷ್ಯವಲ್ಲ, ಎಲ್ಲೋ ನಡುಕ ಶುರುವಾದ ಮೇಲೆ ಅದು ಇಲ್ಲಿಗೆ ಮುಟ್ಟುವ ಮುಂಚಿನ ಕೆಲವೇ ಸೆಕೆಂಡು.

ನೀವು ಮಾಡಬಹುದಾದ ಒಂದು ಕೆಲಸ ಇದೆ ಅಕ್ಕಾ, ಅದನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲಾರರು. ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 3 ಲೀಟರ್ ನೀರು, ಕಡಿಮೆಯೆಂದರೆ ಮೂರು ದಿನಕ್ಕೆ, ಸಾಧ್ಯವಾದರೆ ಒಂದು ವಾರಕ್ಕೆ ಇಡಿ ಅನ್ನುತ್ತಾರೆ. ಜೊತೆಗೆ ಪುಡಿ ಹಾಕಿ ಕಟ್ಟಿ ಬಿಸಾಡುವ ಟಾಯ್ಲೆಟ್ ಚೀಲ, ಚಿಲ್ಲರೆ ಯೆನ್, ಔಷಧಿ. ಊಟಕ್ಕೆ ಅಲ್ಲಿ ಒಣಗಿಸಿದ ಅನ್ನದ ಪೊಟ್ಟಣ ಸಿಗುತ್ತದೆ. ಬಿಸಿನೀರು ಹಾಕಿದರೆ ಕಾಲು ಗಂಟೆ, ತಣ್ಣೀರಾದರೆ ಒಂದು ಗಂಟೆ. ನಮ್ಮ ಅವಲಕ್ಕಿ ಅದಕ್ಕಿಂತ ಬೇಗ ನೆನೆಯುತ್ತದೆ, ಟೋಕಿಯೊದ ನಿಶಿಕಸಾಯ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ನಿಮ್ಮ ಮನೆಯವರು ಸಸ್ಯಾಹಾರಿಗಳಾದರೆ ಇದು ಸಣ್ಣ ಮಾತಲ್ಲ. ಶಿಬಿರದಲ್ಲಿ ಕೊಡುವ ಸೂಪಿಗೂ ಮೀನಿನ ಸಾರು ಬಿದ್ದಿರುತ್ತದೆ. ಮತ್ತೆ ಒಲೆ ಬೇಡ, ಫ್ರಿಜ್ ಬೇಡ, ತಿಂಗಳುಗಟ್ಟಲೆ ಕೆಡದ ಊಟ ಯಾವುದು ಅಂತ ಕಲಬುರಗಿಯವರಿಗೆ ನಾನು ಹೇಳಬೇಕೇ? ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮುಂದಿನ ಸಲ ಆ ಕಡೆ ಯಾರಾದರೂ ಹೊರಟರೆ ಒಂದು ಕಟ್ಟು ಕಟ್ಟಿಕೊಡಿ. ಬಾಗಿಲ ಪಕ್ಕದ ಚೀಲದಲ್ಲಿ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ತಿಂದು ಮುಗಿಸಿ, ಹೊಸದು ತುಂಬಲಿ. ನೀರು ಮಾತ್ರ ಒಂದು ಬಾಟಲಿ ಜಾಸ್ತಿ ಇಡಲು ಹೇಳಿ, ಖಡಕ್ ರೊಟ್ಟಿಗೆ ಬಾಯಾರುತ್ತದೆ.