ಗೇಟಿನ ಹೊರಗೆ ಕಳೆದುಹೋದ ನಿದ್ದೆ: ಒಬ್ಬ ಲಾರಿ ಚಾಲಕರ ಪ್ರಕರಣ

ಈ ಲಾರಿ ಚಾಲಕರನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದವರು ಅವರ ಪತ್ನಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಮನೆಗೆ ಬಂದರೂ ಮಲಗುವುದಿಲ್ಲ, ಫೋನ್ ಸದ್ದಾದರೆ ಬೆಚ್ಚಿ ಏಳುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ ಎಂಬುದು ಪತ್ನಿಯ ಅಳಲು. ಕುಡಿತದ ಅಭ್ಯಾಸವಿರಲಿಲ್ಲ. ಕೋಪಕ್ಕೆ ಏನಾದರೂ ದಾರಿ ಹೇಳಿ ಎಂದು ಕೇಳಿಕೊಂಡರು.

ನಾನು ಕೋಪದ ವಿಷಯವೆತ್ತದೆ, ಹಿಂದಿನ ಟ್ರಿಪ್ಪಿನ ಗಂಟೆಗಂಟೆಯ ಲೆಕ್ಕ ಕೇಳಿದೆ. ಹುಬ್ಬಳ್ಳಿಯಲ್ಲಿ ಸಂಜೆ ಲೋಡ್ ಮಾಡಿಕೊಂಡು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿಯಿಡೀ ಓಡಿಸಿ, ನೆಲಮಂಗಲದ ಕಡೆಯ ಒಂದು ಗೋದಾಮಿಗೆ ಬೆಳಗಿನ 9ರ ಸ್ಲಾಟ್‌ಗೆ, ಅಂದರೆ ಸರಕು ಇಳಿಸಲು ಗೊತ್ತುಮಾಡಿದ ಹೊತ್ತಿಗೆ, ಅವರು ತಲುಪಬೇಕಿತ್ತು. ತುಮಕೂರು ದಾಟಿದ ಮೇಲೆ ವಾಹನಗಳ ಸಾಲಿಗೆ ಸಿಕ್ಕಿ 40 ನಿಮಿಷ ತಡವಾಯಿತು. ಸ್ಲಾಟ್ ರದ್ದಾಯಿತು, ಹೊಸದು ಸಿಕ್ಕಿದ್ದು ಮರುದಿನ ಸಂಜೆ 4ಕ್ಕೆ. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ನಿಂತರೂ, ಡಾಕ್ (ಲಾರಿ ನಿಲ್ಲಿಸಿ ಸರಕು ಇಳಿಸುವ ಕಟ್ಟೆ) ಖಾಲಿಯಾಗಿ ಹಮಾಲರು ಸರಕಿಗೆ ಕೈಹಚ್ಚಿದಾಗ ರಾತ್ರಿ 11 ಗಂಟೆ. ಅಂದರೆ ಅವರು 37 ಗಂಟೆಗೂ ಹೆಚ್ಚು ಕಾದಿದ್ದರು. ಅದರಲ್ಲಿ ಎಷ್ಟು ಹೊತ್ತು ಮಲಗಿದಿರಿ ಎಂದು ಕೇಳಿದಾಗ ಬಹಳ ಹೊತ್ತು ಯೋಚಿಸಿ, "ಮೂರು ತಾಸು ಇರಬಹುದು" ಎಂದರು. ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿದರೆ ಗಾಡಿ ತೆಗೆಯಿರಿ ಎಂದು ಎಬ್ಬಿಸುತ್ತಾರೆ, ಟೋಕನ್ ಕೂಗಿದಾಗ ಓಗೊಡದಿದ್ದರೆ ಸರದಿ ತಪ್ಪುತ್ತದೆ, ಈ ನಡುವೆ ಮಾಲೀಕರ ಫೋನು.

ಅವರನ್ನು ಹೆಚ್ಚು ನೋಯಿಸಿದ್ದು ಮಾಲೀಕರ ಒಂದು ಮಾತು: "ಗಾಡಿ ಸುಮ್ಮನೆ ನಿಂತಿತ್ತಲ್ಲ, ನಿನಗೇನು ಕೆಲಸವಿತ್ತು?" ಭತ್ಯೆ ಟ್ರಿಪ್ಪಿಗೆ ಇಷ್ಟೆಂದು ಇದ್ದುದರಿಂದ ಕಾದ ದಿನಕ್ಕೆ ಬಿಡಿಗಾಸೂ ಸಿಗಲಿಲ್ಲ. ಚಾಲಕ ತಡವಾದರೆ ಸ್ಲಾಟ್ ಹೋಗುತ್ತದೆ, ಗೋದಾಮು ತಡಮಾಡಿದ ಏಳು ಗಂಟೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದು ಅನ್ಯಾಯವೆಂದು ಅವರಿಗೆ ಅನ್ನಿಸಿದ್ದು ಸರಿಯೇ ಎಂದು ನಾನು ನೇರವಾಗಿ ಹೇಳಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸವನ್ನು ಸಾಮಾನ್ಯ ಮಿತಿಯಾಗಿ ಇಟ್ಟಿತ್ತು ಎಂದಾಗ, ಅವರು ಪತ್ನಿಯ ಮುಖ ನೋಡಿದರು. ಇವರದು ಮುಂಗೋಪದ ಸ್ವಭಾವವಲ್ಲ, ಎಚ್ಚರವಾಗಿಯೇ ಇರಬೇಕೆಂಬ ಒತ್ತಡ ಮೈಗೆ ಹತ್ತಿ ಮನೆಯಲ್ಲೂ ಬಿಡದಿರುವುದು ಎಂಬುದು ನನ್ನ ತೀರ್ಮಾನ.

ಆದ್ದರಿಂದ ನನ್ನ ಸಲಹೆ ಮೊದಲು ನಿದ್ದೆಯ ಕುರಿತಾಗಿತ್ತು. ಕ್ಲೀನರ್ ಇಲ್ಲದ ಗಾಡಿಯಾದ್ದರಿಂದ, ಪಕ್ಕದಲ್ಲಿ ಕಾಯುತ್ತಿರುವ ಇನ್ನೊಬ್ಬ ಚಾಲಕರೊಂದಿಗೆ ಪಾಳಿ ಮಾಡಿಕೊಂಡು, ಒಬ್ಬರು ಟೋಕನ್‌ಗೆ ಕಿವಿಗೊಟ್ಟಿರುವಾಗ ಇನ್ನೊಬ್ಬರು ಮಲಗಬೇಕು. ಅನ್‌ಲೋಡ್ ಆದ ತಕ್ಷಣ ಯಾರು ಎಷ್ಟೇ ಅವಸರಪಡಿಸಿದರೂ ಆರು ಗಂಟೆ ಮಲಗದೆ ಹೆದ್ದಾರಿಗೆ ಇಳಿಯಕೂಡದು. ಇದನ್ನು ನಾನು ಎರಡು ಸಲ ಹೇಳಿದೆ, ಏಕೆಂದರೆ ಇದು ಅವರೊಬ್ಬರ ಜೀವದ ಪ್ರಶ್ನೆಯಲ್ಲ.

ಎರಡನೆಯದಾಗಿ, ಗೇಟಿಗೆ ಬಂದ ಹೊತ್ತು, ಡಾಕ್ ಸಿಕ್ಕ ಹೊತ್ತು, ಹೊರಬಿದ್ದ ಹೊತ್ತುಗಳನ್ನು ಲಾರಿ ರಸೀದಿಯ ಮೇಲೆ ಬರೆಸಿ ಸೀಲು ಹಾಕಿಸಬೇಕು, ಹಾಕದಿದ್ದರೆ ಗೇಟ್ ಪಾಸಿನ ಫೋಟೋ ತೆಗೆದಿಡಬೇಕು. ಬರಹದಲ್ಲಿದ್ದರೆ ಮಾಲೀಕರೂ ಸರಕಿನವರ ಹತ್ತಿರ ಹಾಲ್ಟಿಂಗ್ ಹಣ, ಅಂದರೆ ಗಾಡಿ ಕಾದು ನಿಂತದ್ದಕ್ಕೆ ಪರಿಹಾರ, ಕೇಳಬಹುದು. ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್‌ನ ಅವಧಿ ಮುಗಿದೀತೆಂಬ ಭಯವನ್ನು ಕಚೇರಿಗೆ ಬಿಡಲು ತಿಳಿಸಿದೆ: 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಸಿಗುವ ಆ ಅವಧಿಯನ್ನು, ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯ ಒಳಗೆ ಸಾಗಣೆದಾರರೇ ವಿಸ್ತರಿಸಿಕೊಳ್ಳಬಹುದು. ದಾರಿಯಲ್ಲಿ ತೀರಾ ಕಂಗೆಟ್ಟರೆ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ಮನೆಗೆ ಬಂದ ಮೊದಲ ರಾತ್ರಿ ಆ ಫೋನು ಪತ್ನಿಯ ಕೈಯಲ್ಲಿರಲಿ ಎಂದೂ ಒಪ್ಪಿಸಿದೆ.

ಮೂರನೆಯ ಭೇಟಿಗೆ ಅವರು ಸಣ್ಣ ನೋಟ್‌ಬುಕ್ ತಂದಿದ್ದರು. ಕಾಯುವ ಎರಡನೇ ದಿನದಿಂದ ಅರ್ಧ ಭತ್ಯೆ ಕೊಡಲು ಮಾಲೀಕರು ಒಪ್ಪಿದ್ದರು. ಪೂರ್ತಿ ಕೊಡಬೇಕಿತ್ತೆಂಬುದು ನನ್ನ ಅಭಿಪ್ರಾಯ. ನಾಲ್ಕನೆಯ ಭೇಟಿಗೆ ಅವರು ಬರಲಾಗಲಿಲ್ಲ. ಸ್ಲಾಟ್ ಮತ್ತೆ ಮುಂದಕ್ಕೆ ಹೋಗಿದೆ, ಪಕ್ಕದ ಗಾಡಿಯವರು ಎಚ್ಚರವಿದ್ದಾರೆ, ಇವರು ಮಲಗಿದ್ದಾರೆ ಎಂದು ಪತ್ನಿ ಫೋನ್ ಮಾಡಿ ತಿಳಿಸಿದರು. ಮುಂದಿನ ಸೋಮವಾರಕ್ಕೆ ಸಮಯ ಕೊಟ್ಟಿದ್ದೇನೆ.